ದಿನಕ್ಕೊಂದು ದಾರ

ಹ್ವಾದ ವರ್ಷ ಕ್ಯಾಲೆಂಡರಿನ ಬೆನ್ನಿಗೆ
ಹನ್ನೆರಡು ಕೌದಿ ಅಂತ ಬರೆದಿಟ್ಟಿದ್ದೆ,
ತಿಂಗಳಿಗೊಂದು.
ಕೈ ದಾಟಿದ್ದು ಒಂದು. ಇನ್ನೊಂದರ ಕಾಲುಭಾಗ
ಟ್ರಂಕಿನೊಳಗ ನುಸಿಗುಳಿಗಿಯ ವಾಸನಿ ಕುಡಕೋತ ಕೂತದ.
ಉಳಿದ ಹತ್ತು
ಮರಾಠಿ ತಿಂಗಳ ಹೆಸರಿನ ಹಿಂದ
ನನಗ ಹಲ್ಲು ಕಿಸದು ನಿಂತಾವ.

ಈ ವರ್ಷ ಹಂಗ ಬರಿಯೂದಿಲ್ಲ.
ಕಣ್ಣಿಗೆ ಐವತ್ತೆಂಟು ತುಂಬ್ಯಾವ,
ಬಲಗೈ ಹೆಬ್ಬೆರಳಿಗೆ ಚಳಿಗಾಲದಾಗ ಸಿಟ್ಟು ಬರ್ತದ,
ಅಕ್ಕಲಕೋಟದ ಸ್ಟ್ಯಾಂಡಿನ ಹಿಂದಿನ ಓಣ್ಯಾಗ
ಹಗಲು ಎರಡು ತಾಸು ಕರೆಂಟು ಇರೂದಿಲ್ಲ.
ಇವೆಲ್ಲಾ ಲೆಕ್ಕಕ್ಕ ಹಿಡಿದು
ಪೆನ್ಸಿಲಿನಿಂದ ಬರೀತೀನಿ,
ಅಳಿಸಾಕ ಬರೂಹಂಗ:

ಒಂದು ಕೌದಿ. ವರ್ಷಕ್ಕ ಒಂದೇ.
ದಿನಕ್ಕ ಒಂದು ದಾರ.
ದಾರ ಅಂದ್ರ ಮೂಗಿನಿಂದ ಚಾಚಿದ ಕೈತನಕ,
ಅಷ್ಟು ಮುಗಿದ ಕೂಡ್ಲೆ ಗಂಟು ಹಾಕಿ ಏಳೂದು.
ಹೊಲಿಗಿ ಚಲೋ ಬೀಳಾಕತ್ತಿದ್ರೂ ಏಳೂದು.
‘ಇನ್ನೊಂದೀಟು’ ಅನ್ನೂ ಆಸೇಕ್ಕನ
ಹ್ವಾದ ವರ್ಷದ ಲೆಕ್ಕ ಕೆಟ್ಟಿದ್ದು.

ಬಾಜೂಮನಿ ಸಮರ್ಥ, ಆರನೇತ್ತೆ,
ಐತವಾರ ಮುಂಜಾನೆ ಬಂದು
ಏಳು ಸೂಜಿಗೆ ದಾರ ಪೋಣಿಸಿ ಹೋಗ್ತಾನ.
ಕೂಲಿ ಶೇಂಗಾಚಿಕ್ಕಿ.
ಏಳನ್ನೂ ಹಳೇ ಗಾದಿತುಂಡಿಗೆ ಸಾಲಾಗಿ ಚುಚ್ಚಿ ಇಡ್ತೀನಿ,
ಇದು ಸೋಮವಾರದ್ದು, ಇದು ಮಂಗಳವಾರದ್ದು.
ಅವನ ಪರೀಕ್ಷೆ ಬಂದ್ರ ನನಗೂ ಸೂಟಿ.
ಅದನ್ನೂ ಬರೆದೀನಿ.

ಅರಿವಿ ಹೊರಗ ಕೊಳ್ಳೂದಿಲ್ಲ.
ಅಂಗಡಿಯ ಮ್ಯಾಲಿನ ಹಲಗಿಮ್ಯಾಗ
ಯಾರೂ ಒಯ್ಯದ ಕುಪ್ಪಸ ಹನ್ನೊಂದು ಅವ,
ಚೀಟಿ ಚುಚ್ಚಿಸಿಕೊಂಡು ದಾರಿ ನೋಡಿದವು.
ದುಧನಿಯಾಕಿ ಒಬ್ಬಾಕಿ, ಲಗ್ನ ಮುರೀತಂತ ಬರಲಿಲ್ಲ.
ಒಬ್ಬಾಕಿಗೆ ರೊಕ್ಕ ಹೊಂದಲಿಲ್ಲ,
‘ಒಯ್ಯವಾ, ಆಮ್ಯಾಲ ಕೊಡು’ ಅಂತ ಕೂಗಿದ್ರೂ
ಕೇಳದವರಂಗ ಓಣಿ ಬದಲಿಸಿ ಹ್ವಾದಳು.
ಒಂದರ ಚೀಟಿ ಜೊಂಡಿಗ ತಿಂದದ,
ಎದಿ ಅಳತಿ ಉಳದದ, ಹೆಸರಿಲ್ಲ.
ಸಂಕ್ರಮಣದತನಕ ಕಾಯೂದು,
ಆಮ್ಯಾಲ ಕತ್ತರಿ.

ಕತ್ತರಿಸಿದೆ.
ಕಂಕಳದ ಹೊಲಿಗಿ ಬಿಚ್ಚುವಾಗ
ನನ್ನ ಹೊಲಿಗೀನ ನನಗ ಬಯ್ದಂಗಾತು:
ಇಷ್ಟು ಗಟ್ಟಿ ಯಾಕ ಹಾಕಿದ್ದಿ?

ಶಿವರಾತ್ರಿಗೆ ನಲವತ್ತು ದಾರ ಆಗಬೇಕಿತ್ತು,
ಮೂವತ್ತೊಂದು ಆಗಿತ್ತು.
ನಲವತ್ತನ್ನ ಅಳಿಸಿ ಕೂತಿದ್ದೆ,
ಬಂದಳು ಮೈಂದರ್ಗಿ ಬಂಗಾರೆವ್ವ.
ಮೂರು ವರ್ಷದ ಹಿಂದಿನ ರಸೀತಿ ಕೈಯಾಗ,
ಮಡಿಚಿ ಮಡಿಚಿ ಅರಿವಿಯಂಗ ಆಗಿತ್ತು.
“ಟೋಪತೆನಿ ಸೀರಿಗೆ ಹಸರು ಕುಪ್ಪಸ,
ಹೊಲದಿಟ್ಟೀಯಲ್ಲ?”

ನನ್ನ ಬಾಯಿ ಒಣಗಿತು.
ಕೌದಿ ಹಾಸಿ ತೋರಿಸಿದೆ, ಇಲ್ಲಿ ತೋಳು, ಇಲ್ಲಿ ಬೆನ್ನು,
ಎದಿಯ ಎಡಭಾಗ ಇಲ್ಲದ ನೋಡು,
ದುಧನಿಯಾಕಿಯ ಕೆಂಪಿಗೆ ಹತ್ತಿ.

ಬಯ್ಯಲಿಲ್ಲ. ಬಗ್ಗಿ
ಹಸರಿನ ಮ್ಯಾಲ ಅಂಗೈ ಇಟ್ಟು
“ಈಗಿನ ನನಗ ಇದು ಎಲ್ಲಿ ಹಿಡೀತಿತ್ತು” ಅಂದಳು,
ನಕ್ಕಳು,
ಕೇಳದನ ಮಂಗಳವಾರದ ಸೂಜಿ ಕಿತ್ತು
ಕೂತಳು.
ಆಕಿ ಹೊಲಿಗಿ ದೊಡ್ಡವು, ಸೊಟ್ಟ,
ಕೂರಿಗಿ ಹೂಡಿದ ಎತ್ತು ನೊಣಕ್ಕ ಬೆದರಿದಂಗ.
ಮಂಗಳವಾರ, ಬುಧವಾರ, ಬ್ರಸ್ತವಾರ
ಮೂರೂ ಖಾಲಿ ಮಾಡಿ
ಐದರ ಬಸ್ಸಿಗೆ ಎದ್ದಳು.
“ಹೊಲಿಗಿ ಕೂಲಿ ಎಷ್ಟಾತು?”
ನಾ ಕೊಡಬೇಕೋ ಆಕಿ ಕೊಡಬೇಕೋ
ಇಬ್ಬರಿಗೂ ತಿಳೀಲಿಲ್ಲ.

ರಾತ್ರಿ ಬಿಚ್ಚಿ ನೆಟ್ಟಗ ಹೊಲೀಬೇಕಂತ
ಕತ್ತರಿ ತಗೊಂಡೆ.
ಇಟ್ಟೆ.
ಕಡೀ ಮೂಲಿ ಮುಚ್ಚೂ ಮೊದಲ
ನಮ್ಮವ್ವ ಒಂದು ತುಣುಕು ಹೋಳಿಗಿ ಒಳಗ ಇಡ್ತಿದ್ದಳು,
ಕೌದಿ ಹೊಟ್ಟಿ ಬರಿದ ಇರಬಾರದಂತ.
ಅದಕ್ಕ ಇನ್ನೂ ಬಾಳ ದಿನ ಅದ.
ಪೆನ್ಸಿಲು ಹುಡುಕಿ, ಕ್ಯಾಲೆಂಡರು ತಿರುವಿ
ಬ್ರಸ್ತವಾರದತನಕ ಗೀಟು ಹೊಡೆದೆ.
ನಾಳೆ, ನಾಡಿದ್ದು ಸೂಟಿ.

ಸೂಟಿ ಅಂತ ಗೊತ್ತಿದ್ರೂ
ಕೈ ಒಮ್ಮೆ ಗಾದಿತುಂಡಿನ ಕಡೆ
ಹೋಗಿ ಬಂತು.